ಕಾರ್ಪಲ್ ಟನಲ್ ಸಿಂಡ್ರೋಮ್ ಪತ್ತೆ: ಫೇಲನ್, ಟಿನೆಲ್ ಪರೀಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಫಿಸಿಯೊಥೆರಪಿ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಕೈ ಜೋಮು ಹಿಡಿಯುತ್ತದೆಂದು ಬರುವವರಿಗೆ ಮೊದಲು ಮಣಿಕಟ್ಟನ್ನು ಬಾಗಿಸಿ ಹಿಡಿಯುವ ಫೇಲನ್ ಪರೀಕ್ಷೆ, ಆಮೇಲೆ ನರದ ಮೇಲೆ ತಟ್ಟಿ ನೋಡುವ ಟಿನೆಲ್ ಪರೀಕ್ಷೆ ಮಾಡಬೇಕೆಂದು ನಮಗೆ ಕಲಿಸುತ್ತಾರೆ. ಎರಡೂ ಪಾಸಿಟಿವ್ ಆದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ಸಿಂಡ್ರೋಮ್, ಎರಡೂ ನೆಗೆಟಿವ್ ಆದರೆ ಬೇರೆ ಕಾರಣ ಹುಡುಕಬೇಕು ಎನ್ನುವುದು ತರಗತಿಯಲ್ಲಿ ಕೇಳಿಬರುವ ಮಾತು. ಆದರೆ ಈ ಪರೀಕ್ಷೆಗಳ ಬಗ್ಗೆ ಓದತೊಡಗಿದಾಗ ಒಂದು ವರದಿಯಲ್ಲಿ ಫೇಲನ್ ಪರೀಕ್ಷೆ ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿಯನ್ನು ಗುರುತಿಸುತ್ತದೆ ಎಂದಿದ್ದರೆ, ಇನ್ನೊಂದರಲ್ಲಿ ಅರ್ಧದಷ್ಟನ್ನೂ ಗುರುತಿಸುವುದಿಲ್ಲ ಎಂದಿರುತ್ತದೆ. ಒಂದೇ ಪರೀಕ್ಷೆಗೆ ಇಷ್ಟು ಅಂತರ ಬರಲು ಕಾರಣವೇನು? ರೋಗಿಯ ಎದುರು ಕುಳಿತಾಗ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು? ಅನುಭವಿಗಳು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೈ ಶಸ್ತ್ರಚಿಕಿತ್ಸಕ:

ಈ ಅಂತರ ಅರ್ಥವಾಗಬೇಕಾದರೆ ಪರೀಕ್ಷೆಯ ಹೊತ್ತಿನಲ್ಲಿ ಮಣಿಕಟ್ಟಿನೊಳಗೆ ಏನಾಗುತ್ತದೆ ಎಂಬುದರಿಂದಲೇ ಆರಂಭಿಸುವುದು ಒಳ್ಳೆಯದು. ಮಣಿಕಟ್ಟಿನ ಮೂಳೆಗಳು ಮೂರು ಕಡೆಯಿಂದ, ಗಟ್ಟಿಯಾದ ಅಡ್ಡ ಲಿಗಮೆಂಟು ಅಂಗೈಯ ಕಡೆಯಿಂದ ಸುತ್ತುವರಿದ ಇಕ್ಕಟ್ಟಾದ ದಾರಿಯೇ ಕಾರ್ಪಲ್ ಟನಲ್. ಬೆರಳುಗಳನ್ನು ಮಡಚುವ ಎಂಟು ಟೆಂಡನ್‌ಗಳು, ಹೆಬ್ಬೆರಳನ್ನು ಮಡಚುವ ಒಂದು ಟೆಂಡನ್, ಅವುಗಳ ಜೊತೆಗೆ ಮೀಡಿಯನ್ ನರ, ಇಷ್ಟೂ ಅದರೊಳಗೆ ಹಾದುಹೋಗುತ್ತವೆ. ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಈ ದಾರಿಯೊಳಗಿನ ಒತ್ತಡವನ್ನು ನೇರವಾಗಿ ಅಳೆದರು. ಮಣಿಕಟ್ಟು ನೇರವಾಗಿದ್ದಾಗ ಆರೋಗ್ಯವಂತರಲ್ಲಿ ಸರಾಸರಿ ಒತ್ತಡ 2.5 ಮಿಲಿಮೀಟರ್ ಪಾದರಸದಷ್ಟಿದ್ದರೆ ರೋಗಿಗಳಲ್ಲಿ 32 ಇತ್ತು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿದಾಗ ಆರೋಗ್ಯವಂತರಲ್ಲಿ 31ಕ್ಕೆ, ರೋಗಿಗಳಲ್ಲಿ 94ಕ್ಕೆ ಏರಿತು. ಆರೋಗ್ಯವಂತರಲ್ಲೂ ಒತ್ತಡ ಏರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಸಾಕಷ್ಟು ಹೊತ್ತು ಬಾಗಿಸಿ ಹಿಡಿದರೆ ಯಾವ ತೊಂದರೆಯೂ ಇಲ್ಲದವರ ಕೈಯೂ ಜುಮ್ಮೆನ್ನಬಹುದು. ಆದ್ದರಿಂದಲೇ ಫೇಲನ್ ಪರೀಕ್ಷೆಗೆ 60 ಸೆಕೆಂಡುಗಳ ಮಿತಿ ಇದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿದ್ದ ಜಾರ್ಜ್ ಫೇಲನ್ 1950ರ ದಶಕದಲ್ಲಿ ಈ ಪರೀಕ್ಷೆಯನ್ನು ಬಳಕೆಗೆ ತಂದರು. 1966ರಲ್ಲಿ 654 ಕೈಗಳ ಅನುಭವವನ್ನು ಪ್ರಕಟಿಸಿದರು. ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಮುಂಗೈಗಳನ್ನು ನೇರವಾಗಿ ಮೇಲಕ್ಕೆತ್ತಿ, ಕೈಗಳು ತಮ್ಮ ಭಾರದಿಂದಲೇ ಒಳಕ್ಕೆ ಬಾಗುವಂತೆ ಬಿಡುವುದು ಅದರ ಮೂಲ ಕ್ರಮ. ಇಂದು ಬಹಳ ಕಡೆ ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿಹಿಡಿಯಲು ಹೇಳುತ್ತಾರೆ. ಹಾಗೆ ಮಾಡುವಾಗ ಮೊಣಕೈ ಪೂರ್ತಿ ಮಡಚಿಕೊಂಡರೆ ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಎಳೆದಂತಾಗಿ ಕಿರುಬೆರಳು ಜೋಮು ಹಿಡಿಯುತ್ತದೆ, ಪರೀಕ್ಷಕರು ಅದನ್ನೂ ಪಾಸಿಟಿವ್ ಎಂದು ಬರೆದುಕೊಂಡುಬಿಡುತ್ತಾರೆ. ಫಲಿತಾಂಶ ಪಾಸಿಟಿವ್ ಎನಿಸಿಕೊಳ್ಳಬೇಕಾದರೆ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳು ಅಥವಾ ಉಂಗುರ ಬೆರಳಿನ ಹೆಬ್ಬೆರಳ ಕಡೆಯ ಅರ್ಧದಲ್ಲಿ ಹುಟ್ಟಬೇಕು. ಬರೀ ಮಣಿಕಟ್ಟು ನೋಯುವುದು ಲೆಕ್ಕಕ್ಕಿಲ್ಲ.

ಅಂಕಿಗಳು ಇಷ್ಟೊಂದು ಬದಲಾಗಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಒಂದು ಅಧ್ಯಯನ ಶಸ್ತ್ರಚಿಕಿತ್ಸೆಗೆ ಬಂದ ತೀವ್ರ ರೋಗಿಗಳನ್ನು ಪೂರ್ಣ ಆರೋಗ್ಯವಂತರೊಂದಿಗೆ ಹೋಲಿಸುತ್ತದೆ. ಇನ್ನೊಂದು, ಕೈ ಜೋಮಿನ ದೂರು ಹೊತ್ತು ಬಂದವರನ್ನೆಲ್ಲ ತೆಗೆದುಕೊಂಡು ಅವರಲ್ಲಿ ಯಾರಿಗೆ ಈ ರೋಗ, ಯಾರಿಗೆ ಬೇರೆ ತೊಂದರೆ ಎಂದು ಬೇರ್ಪಡಿಸಲು ಯತ್ನಿಸುತ್ತದೆ. ಮೊದಲನೆಯ ಬಗೆಯಲ್ಲಿ ಎಂಥ ಪರೀಕ್ಷೆಯೂ ಗೆದ್ದುಬಿಡುತ್ತದೆ. ನಮ್ಮ ಮುಂದೆ ದಿನನಿತ್ಯ ಇರುವುದು ಎರಡನೆಯ ಬಗೆಯ ಪ್ರಶ್ನೆ.

ನರರೋಗ ತಜ್ಞೆ:

ಟಿನೆಲ್ ಚಿಹ್ನೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫ್ರಾನ್ಸಿನ ನರವೈದ್ಯ ಜೂಲ್ಸ್ ಟಿನೆಲ್ 1915ರಲ್ಲಿ ಇದನ್ನು ವಿವರಿಸಿದ್ದು ಮಣಿಕಟ್ಟಿನ ರೋಗಕ್ಕಾಗಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ತುಂಡಾದ ನರಗಳು ಮತ್ತೆ ಎಲ್ಲಿಯವರೆಗೆ ಬೆಳೆದಿವೆ ಎಂದು ತಿಳಿಯಲು ಅವರು ನರದ ಜಾಡಿನ ಮೇಲೆ ತಟ್ಟಿ ನೋಡುತ್ತಿದ್ದರು. ಅದೇ ವರ್ಷ ಜರ್ಮನಿಯ ಪಾಲ್ ಹಾಫ್‌ಮನ್ ಕೂಡ ಇದನ್ನೇ ಸ್ವತಂತ್ರವಾಗಿ ಬರೆದರು. ಹೊಸದಾಗಿ ಚಿಗುರುವ ನರತಂತುಗಳು ತಟ್ಟಿದಾಗ ಕೆರಳುತ್ತವೆ ಎಂಬುದು ಅದರ ತಿರುಳು. ಮಣಿಕಟ್ಟಿನಲ್ಲಿ ನರದ ಮೇಲೆ ಆಗಷ್ಟೇ ಒತ್ತಡ ಬೀಳತೊಡಗಿ, ತಂತುಗಳು ಇನ್ನೂ ಹಾಳಾಗದ ಹಂತದಲ್ಲಿ ತಟ್ಟಿದರೆ ಏನೂ ಆಗದಿರುವುದು ಸಹಜ. ಜೊತೆಗೆ ಎಷ್ಟು ಬಲವಾಗಿ ತಟ್ಟಬೇಕು, ಬೆರಳಿನಿಂದಲೋ ಸುತ್ತಿಗೆಯಿಂದಲೋ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಜೋರಾಗಿ ಹೊಡೆದರೆ ಆರೋಗ್ಯವಂತ ನರವೂ ಮಿಡಿಯುತ್ತದೆ.

2004ರಲ್ಲಿ ಮ್ಯಾಕ್‌ಡರ್ಮಿಡ್ ಮತ್ತು ವೆಸೆಲ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಮರ್ಶೆಯಲ್ಲಿ ಫೇಲನ್ ಪರೀಕ್ಷೆಯ ಸಂವೇದನಶೀಲತೆ (ರೋಗ ಇರುವವರಲ್ಲಿ ಪಾಸಿಟಿವ್ ಬರುವವರ ಪಾಲು) ಶೇ 68, ನಿರ್ದಿಷ್ಟತೆ (ರೋಗ ಇಲ್ಲದವರಲ್ಲಿ ನೆಗೆಟಿವ್ ಬರುವವರ ಪಾಲು) ಶೇ 73 ಎಂದಿದೆ. ಟಿನೆಲ್‌ಗೆ ಅವು ಶೇ 50 ಮತ್ತು ಶೇ 77. ಅಂದರೆ ರೋಗ ಇರುವವರಲ್ಲಿ ಅರ್ಧದಷ್ಟು ಮಂದಿಗೆ ಟಿನೆಲ್ ನೆಗೆಟಿವ್ ಆಗಿಯೇ ಇರುತ್ತದೆ. ಹಾಗಿರುವಾಗ ಟಿನೆಲ್ ನೆಗೆಟಿವ್ ಆಯಿತೆಂದು ರೋಗವನ್ನು ತಳ್ಳಿಹಾಕುವ ಪದ್ಧತಿಗೆ ಆಧಾರವೇ ಇಲ್ಲ.

ಕೈ ಚಿಕಿತ್ಸೆಯ ಆಕ್ಯುಪೇಷನಲ್ ಥೆರಪಿಸ್ಟ್:

ಡರ್ಕನ್ ಪರೀಕ್ಷೆಯನ್ನು ಇದುವರೆಗೆ ಯಾರೂ ಹೇಳಲಿಲ್ಲ. ಮಣಿಕಟ್ಟನ್ನು ನೇರವಾಗಿಟ್ಟು, ಪರೀಕ್ಷಕರು ತಮ್ಮ ಎರಡೂ ಹೆಬ್ಬೆರಳುಗಳಿಂದ ಕಾರ್ಪಲ್ ಟನಲ್ ಮೇಲೆ 30 ಸೆಕೆಂಡು ಒಂದೇ ಸಮನೆ ಒತ್ತಿಹಿಡಿಯುವ ಕ್ರಮವಿದು. 1991ರಲ್ಲಿ ಜಾನ್ ಡರ್ಕನ್ ಪ್ರಕಟಿಸಿದಾಗ ಸಂವೇದನಶೀಲತೆ ಶೇ 87, ನಿರ್ದಿಷ್ಟತೆ ಶೇ 90 ಎಂದಿತ್ತು. ಈಗ ಹೇಳಿದ 2004ರ ವಿಮರ್ಶೆಯಲ್ಲಿ ಅದು ಶೇ 64 ಮತ್ತು ಶೇ 83ಕ್ಕೆ ಇಳಿಯಿತು. ಇಳಿದರೂ ಈ ಮೂರರಲ್ಲಿ ನಿರ್ದಿಷ್ಟತೆ ಹೆಚ್ಚಿರುವುದು ಇದಕ್ಕೇ. ಸಂಧಿವಾತದಿಂದಲೋ ಹಳೆಯ ಮೂಳೆಮುರಿತದಿಂದಲೋ ಮಣಿಕಟ್ಟು ಬಾಗದವರಿಗೆ ಫೇಲನ್ ಮಾಡುವಂತೆಯೇ ಇಲ್ಲ, ಅಂಥವರಿಗೆ ಇದು ತುಂಬ ಉಪಯುಕ್ತ. ಒತ್ತಬೇಕಾದ ಜಾಗ ಮಣಿಕಟ್ಟಿನ ಗೆರೆಗಿಂತ ತುಸು ಮುಂದೆ, ಅಂಗೈಯ ಬುಡದಲ್ಲಿದೆ. ಅನೇಕರು ಗೆರೆಯ ಹಿಂದೆ ಮುಂಗೈಯ ಮೇಲೆ ಒತ್ತುತ್ತಾರೆ, ಅಲ್ಲಿ ಒತ್ತಿದರೆ ಪ್ರಯೋಜನವಿಲ್ಲ.

ಆದರೆ ವಿದ್ಯಾರ್ಥಿನಿಯವರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದಕ್ಕೂ ಮೊದಲಿನ ಹಂತದ ವಿಷಯ. ಕೈ ಮುಟ್ಟುವ ಮುನ್ನ ಮಾತು ಕೇಳಿ. ಜೋಮಿನಿಂದ ರಾತ್ರಿ ಎಚ್ಚರವಾಗುತ್ತದೆಯೇ? ಎಚ್ಚರವಾದಾಗ ಏನು ಮಾಡುತ್ತೀರಿ ಎಂದು ಕೇಳಿದರೆ ಎಷ್ಟೋ ಮಂದಿ ಮಾತಿನಲ್ಲಿ ಉತ್ತರಿಸದೆ ಕೈಯನ್ನು ಕೊಡವಿ ತೋರಿಸುತ್ತಾರೆ. 1984ರಲ್ಲಿ ಪ್ರೈಸ್-ಫಿಲಿಪ್ಸ್ ಇದನ್ನೇ ‘ಫ್ಲಿಕ್’ ಚಿಹ್ನೆ ಎಂದು ವರದಿ ಮಾಡಿ ಶೇ 90ಕ್ಕೂ ಮೀರಿದ ಅಂಕಿಗಳನ್ನು ಕೊಟ್ಟರು. ನಂತರದವರಿಗೆ ಅಷ್ಟು ಒಳ್ಳೆಯ ಫಲಿತಾಂಶ ಸಿಗಲಿಲ್ಲ, ಆದರೂ ರೋಗಿ ಹೇಳುವ ಇತಿಹಾಸದ ಭಾಗವಾಗಿ ಅದಕ್ಕೆ ಬೆಲೆಯಿದೆ. ಆಮೇಲೆ ಕೈಯ ಚಿತ್ರವೊಂದನ್ನು ಕೊಟ್ಟು, ಜೋಮು, ನೋವು, ಸ್ಪರ್ಶ ಕಡಿಮೆಯಾದ ಜಾಗಗಳನ್ನು ಅವರೇ ಗುರುತು ಹಾಕಲಿ. 1990ರಲ್ಲಿ ಕ್ಯಾಟ್ಜ್ ಮತ್ತು ಸ್ಟಿರಾಟ್ ರೂಪಿಸಿದ ಈ ಚಿತ್ರದಲ್ಲಿ, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಪೈಕಿ ಕನಿಷ್ಠ ಎರಡರಲ್ಲಿ ಗುರುತಿದ್ದು ಅಂಗೈ ಮತ್ತು ಕೈಯ ಹಿಂಬದಿ ಖಾಲಿ ಇದ್ದರೆ ಅದು ರೋಗದ ಮಾದರಿ ಚಿತ್ರ. ಆ ಮೂರೂ ಬೆರಳುಗಳಲ್ಲಿ ಗುರುತೇ ಇಲ್ಲದಿದ್ದರೆ ರೋಗದ ಸಾಧ್ಯತೆ ಕಡಿಮೆ. ಕಿರುಬೆರಳಿನಲ್ಲಿ ಗುರುತು ಇದೆಯೆಂಬ ಒಂದೇ ಕಾರಣಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಐದೂ ಬೆರಳು ಜೋಮು ಹಿಡಿಯುತ್ತವೆ ಎನ್ನುವ ರೋಗಿಗಳು ಬಹಳ ಮಂದಿ ಇದ್ದಾರೆ. ಅಂಥವರಿಗೆ ನಾನು, ಮುಂದಿನ ಸಲ ರಾತ್ರಿ ಎಚ್ಚರವಾದಾಗ ಕಿರುಬೆರಳನ್ನು ಬೇರೆಯಾಗಿ ಮುಟ್ಟಿ ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತೇನೆ. ಮರುಭೇಟಿಯಲ್ಲಿ ಅವರು ಕೊಡುವ ಉತ್ತರ ನನಗೆ ಅನೇಕ ಬಾರಿ ಟಿನೆಲ್‌ಗಿಂತ ಹೆಚ್ಚು ಸಹಾಯ ಮಾಡಿದೆ.

ಒಬ್ಬ ರೋಗಿ:

ಇಲ್ಲಿ ಬರೆಯುತ್ತಿರುವವರೆಲ್ಲ ವೃತ್ತಿಪರರು, ಮಧ್ಯೆ ಪ್ರವೇಶಿಸಿದ್ದಕ್ಕೆ ಕ್ಷಮೆ ಇರಲಿ. ನನಗೆ ಬಲಗೈಯ ಮೊದಲ ಮೂರು ಬೆರಳು ರಾತ್ರಿ ಹೊತ್ತು ಮರಗಟ್ಟುತ್ತವೆ, ಕೊಡವಿದರೆ ಸರಿಹೋಗುತ್ತದೆ. ಪರೀಕ್ಷಿಸಿದಾಗ ಫೇಲನ್ ನೆಗೆಟಿವ್ ಬಂತು, ನರದಲ್ಲಿ ಸಂದೇಶ ಸಾಗುವ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯೂ ನಾರ್ಮಲ್ ಎಂದು ವರದಿ ಬಂತು. ಹಾಗಾದರೆ ನನಗೆ ಈ ರೋಗ ಇಲ್ಲವೆಂದು ಅರ್ಥವೇ? ಅಥವಾ ಇದು ನನ್ನ ಕಲ್ಪನೆಯೇ?

ನರರೋಗ ತಜ್ಞೆ:

ಖಂಡಿತ ಕಲ್ಪನೆಯಲ್ಲ, ಮತ್ತು ತಾವು ಕ್ಷಮೆ ಕೇಳಬೇಕಾದ್ದೂ ಏನಿಲ್ಲ. ಈ ಚರ್ಚೆ ನಡೆಯುತ್ತಿರುವುದೇ ತಮ್ಮಂಥವರಿಗಾಗಿ. ತಮ್ಮನ್ನು ನೋಡದೆ ರೋಗ ಇದೆ ಅಥವಾ ಇಲ್ಲ ಎಂದು ಹೇಳುವುದು ಸರಿಯಲ್ಲವಾದ್ದರಿಂದ, ಆ ವರದಿಗಳು ಏನನ್ನು ಹೇಳಬಲ್ಲವು ಎಂಬುದನ್ನಷ್ಟೇ ವಿವರಿಸುತ್ತೇನೆ.

ನರ್ವ್ ಕಂಡಕ್ಷನ್ ಪರೀಕ್ಷೆ ಅಳೆಯುವುದು ನರದೊಳಗಿನ ದಪ್ಪನೆಯ, ವೇಗವಾಗಿ ಸಂದೇಶ ಒಯ್ಯುವ ತಂತುಗಳನ್ನು ಮಾತ್ರ. ಅದೂ ಹಗಲಿನಲ್ಲಿ, ಮಣಿಕಟ್ಟು ನೇರವಾಗಿರುವಾಗ. ರಾತ್ರಿ ಮಣಿಕಟ್ಟು ಮಡಚಿಕೊಂಡು ನರಕ್ಕೆ ರಕ್ತ ಕಡಿಮೆಯಾಗಿ ಜೋಮು ಹುಟ್ಟಿ, ಕೊಡವಿದಾಗ ಮತ್ತೆ ಸರಿಹೋಗುವ ಆರಂಭದ ಹಂತದಲ್ಲಿ ತಂತುಗಳಿಗೆ ಶಾಶ್ವತವಾದ ಹಾನಿ ಆಗಿರುವುದಿಲ್ಲ. ಆಗ ವರದಿ ನಾರ್ಮಲ್ ಬರುವುದು ಸಾಧ್ಯ. ಇದಕ್ಕೆ ವಿರುದ್ಧವಾದ ತೊಡಕೂ ಇದೆ. 1999ರಲ್ಲಿ ಸ್ವೀಡನ್ನಿನಲ್ಲಿ ಅಟ್ರೋಶಿ ಮತ್ತು ಸಂಗಡಿಗರು ಸಾಮಾನ್ಯ ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಶೇ 14.4 ಮಂದಿ ಮೀಡಿಯನ್ ನರದ ಭಾಗದಲ್ಲಿ ನೋವು, ಜೋಮು ಅಥವಾ ಜುಮುಗುಟ್ಟುವಿಕೆ ಇದೆ ಎಂದಿದ್ದರು. ಪರೀಕ್ಷೆ ಮಾಡಿದಾಗ ರೋಗ ಖಚಿತವೆನಿಸಿದ್ದು ಶೇ 3.8 ಮಂದಿಗೆ, ನರ್ವ್ ಕಂಡಕ್ಷನ್ ಕೂಡ ಅದನ್ನು ಬೆಂಬಲಿಸಿದ್ದು ಶೇ 2.7 ಮಂದಿಗೆ. ನನ್ನ ಗಮನ ಸೆಳೆದದ್ದು ಬೇರೆಯದೇ ಅಂಕಿ: ಯಾವ ಲಕ್ಷಣವೂ ಇಲ್ಲದೆ ಹೋಲಿಕೆಗಾಗಿ ಪರೀಕ್ಷೆಗೊಳಗಾದ 125 ಜನರಲ್ಲಿ 23 ಮಂದಿಯ ನರ್ವ್ ಕಂಡಕ್ಷನ್ ವರದಿ ಮೀಡಿಯನ್ ನರದಲ್ಲಿ ದೋಷ ತೋರಿಸಿತು. ಹೀಗಿರುವಾಗ ಯಂತ್ರದ ವರದಿಯನ್ನೇ ಅಂತಿಮ ತೀರ್ಪೆಂದು ಇಟ್ಟುಕೊಂಡು ಫೇಲನ್, ಟಿನೆಲ್‌ಗಳನ್ನು ಅಳೆಯುವ ಅಧ್ಯಯನಗಳು, ಅಳತೆಗೋಲಿನ ದೋಷವನ್ನೂ ಫಲಿತಾಂಶದೊಳಗೆ ಸೇರಿಸಿಕೊಳ್ಳುತ್ತವೆ. ವಿದ್ಯಾರ್ಥಿನಿಯವರು ಕಂಡ ಅಂತರಕ್ಕೆ ಇದು ಮೂರನೆಯ ಕಾರಣ.

ಪರೀಕ್ಷೆ ನಡೆದ ರೀತಿಯೂ ಮುಖ್ಯ. ಕೈ ತಣ್ಣಗಿದ್ದರೆ ನರದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 2 ಮೀಟರಿನಷ್ಟು ತಗ್ಗಿ, ಇಲ್ಲದ ದೋಷ ಕಾಣಿಸಬಹುದು. ಹಾಗೆಯೇ ಮೀಡಿಯನ್ ನರವೊಂದನ್ನೇ ಅಳೆದು ಬಿಟ್ಟರೆ ಸೌಮ್ಯವಾದ ದೋಷ ತಪ್ಪಿಸಿಕೊಳ್ಳುತ್ತದೆ; ಅದೇ ಕೈಯ ಅಲ್ನಾರ್ ನರದೊಂದಿಗೆ, ಉದಾಹರಣೆಗೆ ಉಂಗುರ ಬೆರಳಿನಲ್ಲಿ, ಹೋಲಿಸಿ ನೋಡಿದರೆ ಸಿಕ್ಕಿಬೀಳುತ್ತದೆ. ತಮ್ಮ ವರದಿಯಲ್ಲಿ ಅಂಥ ಹೋಲಿಕೆ ಇದೆಯೇ ಎಂದು ವೈದ್ಯರನ್ನು ಕೇಳಿ ನೋಡಿ.

ಸಾಮಾನ್ಯ ವೈದ್ಯ:

ರೋಗಿಯವರ ಪ್ರಶ್ನೆಗೆ ಲೆಕ್ಕದ ಮೂಲಕವೂ ಉತ್ತರಿಸಬಹುದು. ಫೇಲನ್‌ನ ಶೇ 68 ಮತ್ತು ಶೇ 73 ಅಂಕಿಗಳನ್ನೇ ಹಿಡಿದರೆ, ಪಾಸಿಟಿವ್ ಫಲಿತಾಂಶ ರೋಗದ ಪರವಾದ ಒಲವನ್ನು ಸುಮಾರು ಎರಡೂವರೆ ಪಟ್ಟು ಏರಿಸುತ್ತದೆ, ನೆಗೆಟಿವ್ ಫಲಿತಾಂಶ ಅರ್ಧಕ್ಕಿಂತ ತುಸು ಕೆಳಕ್ಕೆ ಇಳಿಸುತ್ತದೆ. ಮಾತು ಕೇಳಿದ ಮೇಲೆ ರೋಗದ ಸಾಧ್ಯತೆ ಶೇ 80 ಎಂದು ವೈದ್ಯರಿಗೆ ಅನಿಸಿದ್ದಲ್ಲಿ, ಫೇಲನ್ ನೆಗೆಟಿವ್ ಆದ ನಂತರವೂ ಅದು ಶೇ 64ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇತ್ತ ಕಿರುಬೆರಳು ಮಾತ್ರ ಜೋಮು ಹಿಡಿಯುವ, ಮೊದಲೇ ಶೇ 10 ಸಾಧ್ಯತೆಯಿರುವ ವ್ಯಕ್ತಿಗೆ ಫೇಲನ್ ಪಾಸಿಟಿವ್ ಬಂದರೂ ಸಾಧ್ಯತೆ ಏರುವುದು ಶೇ 22ರವರೆಗೆ ಮಾತ್ರ. ಎರಡೂ ಕಡೆ ತೀರ್ಮಾನವನ್ನು ಹೊರುವುದು ರೋಗಿ ಹೇಳುವ ಇತಿಹಾಸವೇ, ಪರೀಕ್ಷೆ ಅದನ್ನು ಸ್ವಲ್ಪ ಅತ್ತಿತ್ತ ಸರಿಸುತ್ತದೆ.

ಈ ಕಾರಣದಿಂದ ನಾನು ಆರು ಚಿಹ್ನೆಗಳಿಗೆ ಅಂಕ ಕೊಡುವ ಸಿಟಿಎಸ್-6 ಅಂಕಪಟ್ಟಿಯನ್ನು ಬಳಸುತ್ತೇನೆ. ಬ್ರೆಂಟ್ ಗ್ರಹಾಂ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಮೀಡಿಯನ್ ನರದ ಭಾಗದಲ್ಲಿ ಜೋಮಿದ್ದರೆ 3.5, ರಾತ್ರಿಯ ಜೋಮಿಗೆ 4, ಹೆಬ್ಬೆರಳಿನ ಬುಡದ ಸ್ನಾಯು ಸೊರಗಿದ್ದರೆ ಅಥವಾ ಬಲಗುಂದಿದ್ದರೆ 5, ಫೇಲನ್‌ಗೆ 5, ಎರಡು ಚುಕ್ಕಿಗಳನ್ನು ಬೇರೆಯಾಗಿ ಗುರುತಿಸುವ ಸ್ಪರ್ಶಶಕ್ತಿ ಕುಂದಿದ್ದರೆ 4.5, ಟಿನೆಲ್‌ಗೆ 4 ಅಂಕಗಳಿದ್ದು ಒಟ್ಟು 26 ಆಗುತ್ತದೆ. 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗದ ಸಾಧ್ಯತೆ ಶೇ 80 ಮುಟ್ಟುತ್ತದೆ. ಜೋಮು, ರಾತ್ರಿಯ ಜೋಮು ಎರಡರ ಜೊತೆ ಫೇಲನ್ ಸೇರಿದರೆ 12.5 ಆಗಿ ಗಡಿ ದಾಟುತ್ತದೆ, ಟಿನೆಲ್ ಸೇರಿದರೆ 11.5ಕ್ಕೆ ನಿಲ್ಲುತ್ತದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ನರ್ವ್ ಕಂಡಕ್ಷನ್ ಅಥವಾ ಅಲ್ಟ್ರಾಸೌಂಡನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡಿಸುವ ಬದಲು ಸಿಟಿಎಸ್-6 ಬಳಸಬಹುದು ಎಂದಿದೆ.

ಕೈ ಶಸ್ತ್ರಚಿಕಿತ್ಸಕ:

ಅಂಕಪಟ್ಟಿಯ ಉಪಯೋಗವನ್ನು ಒಪ್ಪುತ್ತೇನೆ, ಆದರೆ ಡಾಕ್ಟರೇ, ಒಂದು ಎಚ್ಚರಿಕೆ ಬೇಕು. ತಮ್ಮ ಲೆಕ್ಕದಲ್ಲಿ ಮೊದಲು ನಂಬಿದ ಸಾಧ್ಯತೆಯೇ ತಪ್ಪಾದರೆ ಕೊನೆಯದೂ ತಪ್ಪುತ್ತದೆ. ಜೊತೆಗೆ 12 ಅಂಕ ಬಂದಿತೆಂದರೆ ಬೇರೆ ರೋಗ ಇಲ್ಲವೆಂದು ಅರ್ಥವಲ್ಲ. ಕುತ್ತಿಗೆಯಲ್ಲಿ ಸಿ6 ಅಥವಾ ಸಿ7 ನರಬೇರು ಒತ್ತಿಕೊಂಡವರಿಗೂ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಇಂಥವರಲ್ಲಿ ಕುತ್ತಿಗೆ ತಿರುಗಿಸಿದಾಗ ಲಕ್ಷಣ ಹೆಚ್ಚುತ್ತದೆಯೇ, ಮುಂಗೈಯಲ್ಲೂ ಸ್ಪರ್ಶ ಕಡಿಮೆಯಾಗಿದೆಯೇ, ಮೊಣಕೈಯನ್ನು ಚಾಚುವ ಬಲ ತಗ್ಗಿದೆಯೇ, ಸುತ್ತಿಗೆಯಿಂದ ತಟ್ಟಿದಾಗ ಪ್ರತಿವರ್ತನ ಕುಂದಿದೆಯೇ ಎಂದು ನೋಡಲೇಬೇಕು. ಕೆಲವರಿಗೆ ಎರಡೂ ಒಟ್ಟಿಗೇ ಇರುತ್ತವೆ. ಶಸ್ತ್ರಚಿಕಿತ್ಸೆಯ ಮುನ್ನ ಇಂಥ ಅನುಮಾನವಿದ್ದರೆ ನರ್ವ್ ಕಂಡಕ್ಷನ್ ಮತ್ತು ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಮಾಡಿಸದೆ ನಾನು ಮುಂದುವರಿಯುವುದಿಲ್ಲ. ಲಿಗಮೆಂಟನ್ನು ಕತ್ತರಿಸಿದ ಮೇಲೂ ಜೋಮು ಉಳಿದರೆ, ಮೊದಲಿನ ಸ್ಥಿತಿ ಹೇಗಿತ್ತು ಎಂಬುದಕ್ಕೆ ನಮ್ಮ ಬಳಿ ದಾಖಲೆಯಾದರೂ ಇರಬೇಕು.

ಅಂಗೈಯ ಸ್ಪರ್ಶವನ್ನು ಪರೀಕ್ಷಿಸುವುದು ಇಲ್ಲಿ ಬಹಳ ಉಪಕಾರಿ, ವಿದ್ಯಾರ್ಥಿಗಳು ಅದನ್ನು ಮರೆಯುವುದೇ ಹೆಚ್ಚು. ಹೆಬ್ಬೆರಳಿನ ಬುಡದ ಉಬ್ಬಿನ ಚರ್ಮಕ್ಕೆ ಹೋಗುವ ಕವಲು ಕಾರ್ಪಲ್ ಟನಲ್ ತಲುಪುವ ಮುನ್ನವೇ ಮೀಡಿಯನ್ ನರದಿಂದ ಬೇರೆಯಾಗಿ, ಲಿಗಮೆಂಟಿನ ಹೊರಗಿನಿಂದ ಸಾಗುತ್ತದೆ. ಆದ್ದರಿಂದ ಕಾರ್ಪಲ್ ಟನಲ್ ಸಿಂಡ್ರೋಮಿನಲ್ಲಿ ಬೆರಳ ತುದಿ ಮಂದವಾಗಿದ್ದರೂ ಆ ಉಬ್ಬಿನ ಮೇಲೆ ಸ್ಪರ್ಶ ಚೆನ್ನಾಗಿರುತ್ತದೆ. ಅಲ್ಲಿಯೂ ಮಂದವಾಗಿದ್ದರೆ ನರ ಒತ್ತಿಕೊಂಡಿರುವುದು ಇನ್ನೂ ಮೇಲೆ ಎಂದು ಸಂಶಯಪಡಬೇಕು. ಹೆಬ್ಬೆರಳಿನ ತುದಿಗೆಣ್ಣನ್ನು ಮಡಚುವ ಬಲವೂ ಕುಂದಿದ್ದರೆ ಆ ಸಂಶಯ ಬಲವಾಗುತ್ತದೆ, ಏಕೆಂದರೆ ಆ ಸ್ನಾಯುವಿಗೆ ನರ ಸಿಗುವುದು ಮುಂಗೈಯಲ್ಲೇ.

ಫಿಸಿಯೊಥೆರಪಿ ವಿದ್ಯಾರ್ಥಿನಿ:

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಸಂದೇಹಗಳಿವೆ. ಹೆಬ್ಬೆರಳಿನ ಬಲವನ್ನು ಯಾವ ದಿಕ್ಕಿನಲ್ಲಿ ಪರೀಕ್ಷಿಸಬೇಕು? ಸ್ಪರ್ಶ ಪರೀಕ್ಷೆಗೆ ಎರಡು ಚುಕ್ಕಿಯ ಕ್ರಮವೇ, ಚರ್ಮಕ್ಕೆ ಒತ್ತಿ ನೋಡುವ ನೈಲಾನ್ ತಂತುವೇ, ಅಥವಾ ಗುಂಡುಸೂಜಿಯೇ?

ಕೈ ಚಿಕಿತ್ಸೆಯ ಆಕ್ಯುಪೇಷನಲ್ ಥೆರಪಿಸ್ಟ್:

ಕೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಡಿಸಿ, ಹೆಬ್ಬೆರಳನ್ನು ಅಂಗೈಗೆ ಲಂಬವಾಗಿ ಸೂರಿನ ಕಡೆಗೆ ಎತ್ತಲು ಹೇಳಿ, ಅದನ್ನು ತೋರುಬೆರಳಿನ ಕಡೆಗೆ ಕೆಳಕ್ಕೆ ಒತ್ತಿ ನೋಡಬೇಕು. ಹೆಬ್ಬೆರಳನ್ನು ಪಕ್ಕಕ್ಕೆ ಚಾಚಿಸಿ ಪರೀಕ್ಷಿಸಿದರೆ ರೇಡಿಯಲ್ ನರದ ಸ್ನಾಯುಗಳು ಆ ಕೆಲಸ ಮಾಡಿಬಿಡುತ್ತವೆ, ಮೀಡಿಯನ್ ನರದ ದೌರ್ಬಲ್ಯ ಮರೆಯಾಗುತ್ತದೆ. ಹೆಬ್ಬೆರಳ ಬುಡದ ಕೀಲು ಸವೆದವರಲ್ಲಿ ನೋವಿನಿಂದಲೇ ಬಲ ತಗ್ಗಬಹುದು, ಆದ್ದರಿಂದ ಒತ್ತುವಾಗ ನೋವಾಯಿತೇ ಎಂದು ಕೇಳಿ ಬರೆದುಕೊಳ್ಳಿ. ಎರಡೂ ಕೈಗಳನ್ನು ಅಕ್ಕಪಕ್ಕ ಇರಿಸಿ ಉಬ್ಬಿನ ಆಕಾರವನ್ನು ಪಕ್ಕದಿಂದ ನೋಡಿ. ಮೇಲಿನಿಂದ ನೋಡಿದರೆ ಆರಂಭದ ಸೊರಗುವಿಕೆ ಕಾಣುವುದಿಲ್ಲ. ಸೊರಗಿದ್ದು ಕಂಡರೆ ರೋಗದ ಸಾಧ್ಯತೆ ಬಹಳ ಹೆಚ್ಚು, ಆದರೆ ಅದು ತಡವಾಗಿ ಬರುವ ಚಿಹ್ನೆಯಾದ್ದರಿಂದ ಇಲ್ಲದಿರುವುದಕ್ಕೆ ಹೆಚ್ಚಿನ ಅರ್ಥವಿಲ್ಲ.

ನರರೋಗ ತಜ್ಞೆ:

ಸ್ಪರ್ಶದ ಬಗ್ಗೆ ನಾನು ಉತ್ತರಿಸುತ್ತೇನೆ. 2000ದಲ್ಲಿ ಡಾರ್ಸಿ ಮತ್ತು ಮೆಗೀ ಮಾಡಿದ ವಿಮರ್ಶೆಯಲ್ಲಿ ಹೆಚ್ಚು ನೆರವಾದ ಚಿಹ್ನೆಗಳು ಮೂರು: ಮೀಡಿಯನ್ ನರದ ಭಾಗದಲ್ಲಿ ಚುಚ್ಚಿದ ನೋವು ಮಂದವಾಗಿರುವುದು, ಕ್ಯಾಟ್ಜ್ ಚಿತ್ರ, ಹೆಬ್ಬೆರಳನ್ನು ಮೇಲೆತ್ತುವ ಬಲ ಕುಂದಿರುವುದು. ಫೇಲನ್ ಮತ್ತು ಟಿನೆಲ್ ಆ ಸಾಲಿನಲ್ಲಿ ಬರಲಿಲ್ಲ. ಹೀಗಾಗಿ ಬೇರೇನೂ ಇಲ್ಲದಿದ್ದರೂ, ಒಮ್ಮೆ ಬಳಸಿ ಎಸೆಯುವ ಶುಭ್ರವಾದ ಪಿನ್ನಿನಿಂದ ತೋರುಬೆರಳಿನ ತುದಿಯನ್ನು ಅದೇ ಕೈಯ ಕಿರುಬೆರಳಿನ ತುದಿಯೊಂದಿಗೆ, ರೋಗಿ ಕಣ್ಣು ಮುಚ್ಚಿಕೊಂಡಿರುವಾಗ, ಹೋಲಿಸಿ ನೋಡಿ. ನೈಲಾನ್ ತಂತು ಸಣ್ಣ ಬದಲಾವಣೆಯನ್ನೂ ಬೇಗ ತೋರಿಸುತ್ತದೆ. ಎರಡು ಚುಕ್ಕಿಯ ಪರೀಕ್ಷೆಯಲ್ಲಿ ಬೆರಳ ತುದಿಯಲ್ಲಿ 6 ಮಿಲಿಮೀಟರಿಗಿಂತ ಕಡಿಮೆ ಅಂತರವನ್ನು ಗುರುತಿಸಿದರೆ ಸಾಮಾನ್ಯವೆನ್ನುತ್ತಾರೆ. ನರ ಸಾಕಷ್ಟು ಹಾಳಾದ ಮೇಲಷ್ಟೇ ಅದು ಕೆಡುತ್ತದೆ. ಅದು ಕೆಟ್ಟಿದ್ದರೆ, ಅದರಲ್ಲೂ ಜೋಮು ಹಗಲಿರುಳು ಬಿಡದೆ ಇದ್ದರೆ, ಅಥವಾ ಹೆಬ್ಬೆರಳಿನ ಉಬ್ಬು ಸೊರಗತೊಡಗಿದ್ದರೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಕಾಯುವುದು ಬೇಡ. ಅಂಥವರನ್ನು ತಡಮಾಡದೆ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಬೇಕು.

ಒಬ್ಬ ರೋಗಿ:

ತುಂಬ ಧನ್ಯವಾದಗಳು. ವರದಿಯನ್ನು ಮತ್ತೆ ತೆಗೆದು ನೋಡಿದೆ, ಅದರಲ್ಲಿ ಮೀಡಿಯನ್ ನರದ ಅಂಕಿಗಳಷ್ಟೇ ಇವೆ, ಅಲ್ನಾರ್ ನರದ ಹೋಲಿಕೆ ಇಲ್ಲ. ಉಂಗುರ ಬೆರಳಿನ ಹೋಲಿಕೆಯನ್ನು ಮಾಡಿಸಬಹುದೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳುತ್ತೇನೆ. ಅಲ್ಲಿಯವರೆಗೆ ರಾತ್ರಿ ಎಚ್ಚರವಾದಾಗಲೆಲ್ಲ ಯಾವ ಯಾವ ಬೆರಳು ಮರಗಟ್ಟಿದೆ ಎಂದು ಕೈಯ ಚಿತ್ರದ ಮೇಲೆ ಗುರುತು ಹಾಕಿಟ್ಟುಕೊಳ್ಳುತ್ತೇನೆ.